ಬೀಗ ಬಿದ್ದ ಪಾಠಗಳು

ಮಾರ್ಚ್ 2, ಭಾನುವಾರ

ಕಂಪ್ಯೂಟರ್ ರಿಪೇರಿ ಮಾಡಿದೆ. ನಾನೇ.

ಇದನ್ನು ಬರೆದಿಡುತ್ತಿರುವುದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು. ಅತ್ತೆಯವರು ಇದ್ದಾರೆ, ನಿಜ. ಆದರೆ ಹೆಂಡತಿಯ ತಾಯಿಯ ಮುಂದೆ ನಿಂತು "ನೋಡಿ, ನಾನು ಏನು ಮಾಡಿದೆ" ಎಂದು ಎದೆಯುಬ್ಬಿಸಲು ಆಗುತ್ತದೆಯೇ? ಮಗಳು ತೀರಿಕೊಂಡಾಗ ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದವರು. ಹದಿನಾಲ್ಕು ತಿಂಗಳಾಯಿತು. ಯಾವಾಗ ಹೊರಡುತ್ತೀರಿ ಎಂದು ನಾನು ಕೇಳಿಲ್ಲ, ಹೊರಡುತ್ತೇನೆ ಎಂದು ಅವರೂ ಅಂದಿಲ್ಲ. ಬೆಳಿಗ್ಗೆ "ಚಹಾ ತಗೊಳ್ಳಿ" ಅನ್ನುತ್ತಾರೆ, ಸಂಜೆ "ಬಂದ್ರಾ" ಅನ್ನುತ್ತಾರೆ. ಎರಡಕ್ಕೂ ನಾನು "ಹೂಂ" ಅನ್ನುತ್ತೇನೆ. ಅಷ್ಟರಲ್ಲೇ ಸಂಸಾರ ನಡೆದುಕೊಂಡು ಹೋಗುತ್ತಿದೆ.

ಕಂಪ್ಯೂಟರ್ ನನ್ನವಳದು. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಅವಳು ಇಟ್ಟ ಜಾಗದಲ್ಲೇ ಇದೆ. ಮಾತು ತೊದಲುವ, ಒಂದಕ್ಷರಕ್ಕೆ ಇನ್ನೊಂದಕ್ಷರ ಹೇಳುವ ಮಕ್ಕಳಿಗೆ ಮಾತು ಕಲಿಸುವುದು ಅವಳ ಕೆಲಸವಾಗಿತ್ತು. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ತನ್ನ ದನಿಯಲ್ಲೇ ಪಾಠಗಳನ್ನು ರೆಕಾರ್ಡ್ ಮಾಡಿ ಮಕ್ಕಳಿಗೆ ಕೊಡುತ್ತಿದ್ದಳು. ಒಟ್ಟು ಅರವತ್ತನಾಲ್ಕು ಪಾಠ. ಎಲ್ಲವೂ ಅದರಲ್ಲೇ ಇವೆ. ನಾನು ಒಂದನ್ನೂ ತೆರೆದು ಕೇಳಿಲ್ಲ. ಇವೆ ಎಂದು ಗೊತ್ತಿದ್ದರೆ ಸಾಕು.

ಇತ್ತೀಚೆಗೆ ಅದು ಬಲು ನಿಧಾನವಾಗಿತ್ತು. ಗುಂಡಿ ಒತ್ತಿ, ಮುಖ ತೊಳೆದು ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು. ಇಂದು ಇಂಟರ್ನೆಟ್ಟಿನಲ್ಲಿ ಒಂದು ಜಾಹೀರಾತು ಕಂಡಿತು. ಒಂದೇ ನಿಮಿಷದಲ್ಲಿ ನಿಮ್ಮ ಕಂಪ್ಯೂಟರ್ ಹೊಸದರಂತೆ, ಪೂರ್ತಿ ಉಚಿತ. ಡೌನ್‌ಲೋಡ್ ಮಾಡಿದೆ. ಆಂಟಿವೈರಸ್ ಅಡ್ಡ ಬಂದು, ಇದು ಅಪಾಯ, ಬೇಡ ಎಂದಿತು. ಆದರೆ ಆ ಪುಟದಲ್ಲೇ ಅದಕ್ಕೂ ಉತ್ತರವಿತ್ತು: ಹೀಗೆ ಬರುವುದು ಸಾಮಾನ್ಯ, ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡಿ. ಮಾಡಿದೆ. ಮತ್ತೆ ಆನ್ ಮಾಡಿದೆನೇ? ಮಾಡಿರಬೇಕು.

ಈಗ ಒತ್ತಿದರೆ ಏಳುತ್ತದೆ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವನಿಗೆ ಇಷ್ಟಾದರೂ ಯಂತ್ರದ ಮರ್ಮ ತಿಳಿಯದೆ ಇರುತ್ತದೆಯೇ?

ಮಾರ್ಚ್ 4, ಮಂಗಳವಾರ

ಕರೆಂಟ್ ಹೋಗಿ ಅಂಗಡಿ ಮಧ್ಯಾಹ್ನವೇ ಮುಚ್ಚಿದರು. ಮನೆಗೆ ಬಂದಾಗ ಅತ್ತೆಯವರು ಕಂಪ್ಯೂಟರ್ ಮುಂದೆ ಕೂತಿದ್ದರು. ಬಾಗಿಲಿನ ಸದ್ದಿಗೆ ಥಟ್ಟನೆ ಎದ್ದು, "ಬಂದ್ರಾ, ಇಷ್ಟು ಬೇಗ" ಎಂದು ಅಡುಗೆಮನೆಗೆ ನಡೆದರು. ಇಸ್ಪೀಟು ಆಡುತ್ತಿರಬೇಕು. ಕೊರಳಲ್ಲಿ ಹೆಡ್‌ಫೋನ್ ಹಾಗೇ ಇತ್ತು. ಇಸ್ಪೀಟಿಗೆ ಹೆಡ್‌ಫೋನ್ ಏಕೋ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಲೈನ್ ಜೋಡಿಸಿಕೊಟ್ಟವರು, ಕಿವಿ ಬರಿದಾಗಿದ್ದರೆ ಅವರಿಗೆ ಸರಿಹೋಗುವುದಿಲ್ಲವೇನೋ.

ಕಂಪ್ಯೂಟರ್ ಈಗಲೂ ಚುರುಕಾಗಿದೆ.

ಮಾರ್ಚ್ 13, ಗುರುವಾರ

ಹನ್ನೊಂದೂವರೆಗೆ ಅಂಗಡಿಗೆ ಫೋನ್ ಬಂತು. ಅತ್ತೆಯವರು ಅಂಗಡಿಗೆ ಫೋನ್ ಮಾಡಿದ್ದು ಇದೇ ಮೊದಲು.

"ಅಳಿಯಂದ್ರೇ, ಕಂಪ್ಯೂಟರ್ ಕೆಂಪಗಾಗಿದೆ."

"ಕೆಂಪಗೆ ಅಂದ್ರೆ? ಹೊಗೆ ಏನಾದ್ರೂ ಬರ್ತಿದೆಯಾ?"

"ಹೊಗೆ ಇಲ್ಲ. ಬರವಣಿಗೆ ಇದೆ. ನೀವು ಬಂದುಬಿಡಿ."

ಬಂದೆ. ಪರದೆಯ ತುಂಬ ಕೆಂಪು. ನಿಮ್ಮ ಎಲ್ಲ ಫೈಲ್‌ಗಳಿಗೆ ಬೀಗ ಹಾಕಲಾಗಿದೆ, ಐದು ದಿನದೊಳಗೆ ಹಣ ಕಟ್ಟಿದರೆ ಕೀ ಕೊಡುತ್ತೇವೆ, ಆಮೇಲೆ ಕೇಳಬೇಡಿ. ಮೂಲೆಯಲ್ಲಿ ಒಂದು ಗಡಿಯಾರ ಹಿಂದುಹಿಂದಕ್ಕೆ ಎಣಿಸುತ್ತಿತ್ತು. ಪಾಠಗಳಿದ್ದ ಫೋಲ್ಡರ್ ತೆರೆದೆ. ಅರವತ್ತನಾಲ್ಕೂ ಅಲ್ಲೇ ಇವೆ. ಪ್ರತಿಯೊಂದರ ಹೆಸರಿಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಹತ್ತಿದೆ. ಒಂದನ್ನು ಒತ್ತಿದೆ. ತೆರೆಯಲಿಲ್ಲ. ಇನ್ನೊಂದು. ಇನ್ನೊಂದು. ಹದಿನಾಲ್ಕು ತಿಂಗಳು ಮುಟ್ಟದೆ ಇದ್ದವನು ಒಂದೇ ಸಮನೆ ಅರವತ್ತನಾಲ್ಕನ್ನೂ ಒತ್ತಿದೆ.

"ನೀವು ಏನಾದ್ರೂ ಒತ್ತಿದ್ರಾ?" ಎಂದು ಕೇಳಿದೆ.

ಅತ್ತೆಯವರು ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. "ಮೊನ್ನೆ ಏನೋ ಒಂದು ಅಡ್ಡ ಬಂತು. ಮುಚ್ಚೋಣ ಅಂತ ಒತ್ತಿದೆ. ಅದರಿಂದ ಏನಾದ್ರೂ..."

ನಾನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಅವರಿಗೆ ಚೆನ್ನಾಗಿಯೇ ಕೇಳಿಸಿತು.

ಮಾರ್ಚ್ 14, ಶುಕ್ರವಾರ

ಚಹಾ ತಗೊಳ್ಳಿ ಎಂದರು. ಹೂಂ ಅನ್ನಲಿಲ್ಲ.

ಮಾರ್ಚ್ 15, ಶನಿವಾರ

ರಿಪೇರಿ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿದೆ. ಪಕ್ಕದಲ್ಲಿ ಬೀಗದ ಕೈ ಮಾಡುವವನು. ನಡೆಸುವಾಕೆಗೆ ಐವತ್ತರ ಹತ್ತಿರ ವಯಸ್ಸು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆಕೆಯ ಕನ್ನಡಕ. ಪವರ್ ಸಾಲದು. ಪ್ರತಿ ಸಣ್ಣ ಸ್ಕ್ರೂ ನೋಡಲೂ ಕುತ್ತಿಗೆ ಚಾಚುತ್ತಿದ್ದಳು.

ಪರದೆ ನೋಡಿದ ಕೂಡಲೇ ಇದಾದ ಮೇಲೆ ಮತ್ತೆ ಇಂಟರ್ನೆಟ್ ವೈರು ಎಲ್ಲಾದರೂ ಚುಚ್ಚಿದ್ದೀರಾ ಎಂದು ಕೇಳಿದಳು. ಇಲ್ಲವೆಂದೆ. "ಒಳ್ಳೇದಾಯ್ತು. ಇದಕ್ಕೆ ರ‍್ಯಾನ್ಸಮ್‌ವೇರ್ ಅಂತಾರೆ. ಸಾಮಾನು ನಿಮ್ಮದೇ, ನಿಮ್ಮ ಮನೇಲೇ ಇರತ್ತೆ. ಬೀಗ ಮಾತ್ರ ಅವರದು."

"ಪಕ್ಕದಲ್ಲೇ ಬೀಗದವರಿದ್ದಾರಲ್ಲ" ಎಂದೆ. ತಮಾಷೆಗೆ ಅಂದದ್ದೋ, ಆಸೆಯಿಂದ ಅಂದದ್ದೋ ನನಗೇ ತಿಳಿಯದು.

ಆಕೆ ನಗಲಿಲ್ಲ. "ಬೀಗ ಅನ್ನೋದು ಮಾತಿಗೆ ಅಷ್ಟೆ. ಫೈಲ್ ಒಳಗಿರೋದನ್ನೆಲ್ಲ ಅವರದೇ ಒಂದು ಲೆಕ್ಕದಲ್ಲಿ ಅದಲುಬದಲು ಮಾಡಿಟ್ಟಿರ್ತಾರೆ. ಆ ಲೆಕ್ಕ ಗೊತ್ತಿಲ್ಲದೆ ಹಿಂದಕ್ಕೆ ತರೋಕೆ ನನ್ನಿಂದಾಗಲ್ಲ, ಯಾರಿಂದಲೂ ಆಗಲ್ಲ. ಹಳೇ ಜಾತಿಯದಾದ್ರೆ ಕೆಲವಕ್ಕೆ ಬಿಡಿಸೋ ದಾರಿ ಸಿಕ್ಕಿದೆ. ನೋಡ್ತೀನಿ. ಆಸೆ ಇಟ್ಕೋಬೇಡಿ."

"ಹಣ ಕಟ್ಟಿಬಿಟ್ಟರೆ?"

"ಕಟ್ಟಿದವರಿಗೆಲ್ಲ ಕೀ ಬಂದಿಲ್ಲ. ಬಂದ ಕೀ ಎಲ್ಲ ತೆಗೆದೂ ಇಲ್ಲ. ಮತ್ತೆ, ನೀವು ಕಟ್ಟೋ ದುಡ್ಡಲ್ಲಿ ಅವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ತಾರೆ. ಇದರ ಪ್ರತಿ ಬೇರೆ ಎಲ್ಲಾದ್ರೂ ಇಟ್ಟಿದೀರಾ? ಪೆನ್‌ಡ್ರೈವು, ಸೀಡಿ?"

"ಇಲ್ಲ."

"ಒಳಗೇನಿತ್ತು? ಅಂಗಡಿ ಲೆಕ್ಕವಾ?"

"ನನ್ನ ಹೆಂಡತಿಯ ದನಿ" ಎಂದೆ.

ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಕಂಪ್ಯೂಟರನ್ನು ನೆಲದಿಂದೆತ್ತಿ ತನ್ನ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡಳು.

ಮಾರ್ಚ್ 17, ಸೋಮವಾರ

ನಾಳೆ ಗಡುವು. ಕಟ್ಟುವುದಿಲ್ಲ ಎಂದು ಬೆಳಿಗ್ಗೆ ನಿರ್ಧರಿಸಿದೆ. ಕಟ್ಟಿಬಿಡೋಣ ಎಂದು ಮಧ್ಯಾಹ್ನ ನಿರ್ಧರಿಸಿದೆ. ಸಂಜೆ ಮತ್ತೆ ಬೇಡವೆಂದೆ. ಅತ್ತೆಯವರು ಮುಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಾರೆ. ಗುಡಿಸುವುದೂ ಹೊಸ್ತಿಲಿನವರೆಗೆ ಮಾತ್ರ.

ಮಾರ್ಚ್ 18, ಮಂಗಳವಾರ

ಕಟ್ಟಲಿಲ್ಲ. ಹನ್ನೊಂದೂವರೆ ಹೊಡೆದಾಗ ಅರೆಯುವ ಯಂತ್ರ ನಿಲ್ಲಿಸಿ ಸುಮ್ಮನೆ ಕೂತೆ.

ಮಾರ್ಚ್ 19, ಬುಧವಾರ

ರಿಪೇರಿಯಾಕೆ ಕರೆಸಿದ್ದಳು. ಮೊದಲ ಸುದ್ದಿ: ಬಿಡಿಸುವ ದಾರಿ ಇಲ್ಲ. ಹೊಸ ಜಾತಿ. "ಆದ್ರೂ ಈ ಡಿಸ್ಕ್ ಎಸೀಬೇಡಿ. ಇವತ್ತಿಲ್ಲದ ಕೀ ಇನ್ನೆರಡು ವರ್ಷಕ್ಕೆ ಸಿಕ್ಕಿರೋದುಂಟು" ಎಂದು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಎರಡನೆಯ ಸುದ್ದಿ ಕೊಡುವ ಮುಂಚೆ ಸ್ಟೂಲ್ ಎಳೆದು ಕೂರಿಸಿದಳು.

"ಹೇಗೆ ಬಂತು ಅಂತ ಹುಡುಕಿದೆ. ಮಾರ್ಚ್ ಎರಡು, ಭಾನುವಾರ, ಹತ್ತೂ ನಲವತ್ತಕ್ಕೆ ಒಂದು ಪ್ರೋಗ್ರಾಂ ಇಳಿಸಿದಾರೆ. ಕಂಪ್ಯೂಟರ್ ಚುರುಕು ಮಾಡ್ತೀನಿ ಅಂತ ಹೇಳ್ಕೊಂಡು ಬಂದಿದ್ದು. ಟ್ರೋಜನ್ ಅಂತೀವಿ ಇದಕ್ಕೆ. ಹೊರಗೆ ಒಂದು ವೇಷ, ಒಳಗೆ ಇನ್ನೊಂದು ಬುದ್ಧಿ. ಬಂದ ದಿನವೇ ಗಲಾಟೆ ಮಾಡಲ್ಲ. ಹೇಳಿದ ಕೆಲಸ ನಾಲ್ಕು ದಿನ ಮಾಡಿ ತೋರಿಸತ್ತೆ, ಮನೇಲಿ ಏನೇನಿದೆ ನೋಡ್ಕೊಳತ್ತೆ, ಹಿತ್ತಲ ಬಾಗಿಲು ತೆಗೆದು ಹೊರಗಿನವರನ್ನ ಕರ್ಕೊಳತ್ತೆ. ಹನ್ನೊಂದು ದಿನ ಹಾಗೇ ಇತ್ತು."

"ಆಂಟಿವೈರಸ್ ಇತ್ತಲ್ಲ?"

"ಇತ್ತು. ಅವತ್ತೇ ಹತ್ತೂ ಮೂವತ್ತೆಂಟಕ್ಕೆ ಯಾರೋ ಆಫ್ ಮಾಡಿದಾರೆ. ಮತ್ತೆ ಆನ್ ಆಗಿಲ್ಲ. ಮನೇಲಿ ಯಾರು ಅಂತ ವಿಚಾರಿಸಿ, ಬೈಬೇಡಿ. ಎಲ್ಲರೂ ಮೋಸ ಹೋಗ್ತಾರೆ."

ಬೈಯುವುದಿಲ್ಲ ಎಂದು ಹೇಳಿ ಬಂದೆ.

ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲೇ ಇದ್ದರು. ಏನಾಯ್ತು ಎಂದು ಕೇಳಲಿಲ್ಲ. "ತಂಗಿ ಮನೆಗೆ ಹೋಗ್ತೀನಿ, ಭಾನುವಾರ" ಎಂದರು. "ಇಲ್ಲಿದ್ದೂ ಬಹಳ ದಿನ ಆಯ್ತು."

ಹೇಳಬೇಕಿತ್ತು. ಬಾಯಿ ತೆರೆದೆ. "ಹೂಂ" ಎಂಬುದು ಬಂತು.

ಮಾರ್ಚ್ 20, ಗುರುವಾರ

ಒಬ್ಬ ಲಾರಿ ಡ್ರೈವರನ ಗಾಜನ್ನು ತಪ್ಪು ಕೋನಕ್ಕೆ ಅರೆದೆ. ಅಡ್ಡ ಇರಬೇಕಾದದ್ದು ಉದ್ದಕ್ಕೆ. ಹಾಕಿಕೊಂಡವನು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಏನ್ ಸ್ವಾಮಿ, ರಸ್ತೆನೇ ಮಲಗಿಬಿಟ್ಟಿದೆ" ಎಂದ. ಮಾಲೀಕರು ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿರಲಿಲ್ಲ.

ಭಾನುವಾರ ಅವರು ಹೋಗುತ್ತಾರೆ. ಹೋದರೆ ಹೇಳುವ ಪ್ರಮೇಯವೇ ಬರುವುದಿಲ್ಲ. ಈ ವಾಕ್ಯವನ್ನು ಬರೆದು ಓದಿದೆ. ಇದನ್ನು ಬರೆದವನು ಯಾರು?

ಮಾರ್ಚ್ 22, ಶನಿವಾರ

ಅಂಗಡಿಯ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಇತ್ತು. ಅತ್ತೆಯವರ ಅಕ್ಷರ, ಎಕ್ಸ್‌ಚೇಂಜಿನ ರಿಜಿಸ್ಟರಿನಲ್ಲಿ ಬರೆದಂತೆ ಒಂದರ ಕೆಳಗೊಂದು. ಬಟ್ಟೆ ಒಗೆಯುವ ಮಷೀನಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಹಾಲಿನವರಿಗೆ ಸೋಮವಾರದಿಂದ ಅರ್ಧ ಲೀಟರ್ ಎಂದು ಹೇಳಿದೆ. ಗ್ಯಾಸಿನವರ ನಂಬರು. ಮಾತ್ರೆ ಅಂಗಡಿಯ ನಂಬರು. ನಿಮ್ಮ ನೀಲಿ ಅಂಗಿಯ ಗುಂಡಿ ಹಾಕಿಟ್ಟಿದ್ದೇನೆ. ಕೊನೆಯ ಸಾಲು: ಕಂಪ್ಯೂಟರ್ ವಿಷಯಕ್ಕೆ ನನ್ನನ್ನು ಕ್ಷಮಿಸಿ.

ಅವರು ಒಲೆಯ ಮುಂದೆ ಬ್ರೆಡ್ ಬಿಸಿ ಮಾಡುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ಬೆನ್ನಿಗೇ ಹೇಳಿದೆ.

"ಅದು ನೀವು ಮಾಡಿದ್ದಲ್ಲ."

"ಯಾವುದು?"

"ಕಂಪ್ಯೂಟರ್. ನಾನು ಮಾಡಿದ್ದು. ಜೋರಾಗಿ ಓಡಲಿ ಅಂತ ಏನೋ ಇಳಿಸಿದೆ. ಆಂಟಿವೈರಸ್ ಬೇಡ ಅಂತು, ಅದನ್ನೂ ಆಫ್ ಮಾಡಿದೆ. ನೀವು ಒತ್ತಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ರಿಪೇರಿಯವರು ತಾರೀಕು, ಗಂಟೆ ಎಲ್ಲ ತೋರಿಸಿದರು."

ಅತ್ತೆ ತಿರುಗಿದರು. "ಯಾವಾಗ ತೋರಿಸಿದ್ದು?"

"ಬುಧವಾರ."

"ಇವತ್ತು ಶನಿವಾರ."

"ಹೌದು."

"ಬುಧ, ಗುರು, ಶುಕ್ರ." ಬೆರಳು ಮಡಚಿ ಎಣಿಸಿದರು. ಆಮೇಲೆ ಶುರುವಾಯಿತು. "ಮೂರು ದಿನ! ನನ್ನ ಮಗೂನ ದನೀನ ನನ್ನ ಕೈಯಾರೆ ಕಳೆದೆ ಅಂತ ನಾನು ಅನ್ನ ಗಂಟಲಲ್ಲಿ ಇಳೀದೆ ಒದ್ದಾಡ್ತಿದೀನಿ, ನೀನು ಎಲ್ಲ ಗೊತ್ತಿದ್ದೂ ಎದುರಿಗೆ ಕೂತು ಊಟ ಮಾಡ್ತಿದೀಯಾ? ಹೂಂ ಅಂತೆ ಹೂಂ! ನಾನು ಹೊರಡ್ತೀನಿ ಅಂದ್ರೂ ಹೂಂ! ಏನು ಮನುಷ್ಯನೋ ನೀನು? ಬಾಯಲ್ಲಿ ಏನು ಇಟ್ಕೊಂಡಿದೀಯ?"

"ತಪ್ಪಾಯ್ತು."

"ಜೋರಾಗಿ ಹೇಳು!"

"ತಪ್ಪಾಯ್ತು!"

ಬ್ರೆಡ್ ಸುಡುವ ವಾಸನೆ ಬಂತು. ಇಬ್ಬರೂ ನೋಡಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತರು. ದನಿ ಇಳಿಯಿತು. "ದಿನಾ ಮಧ್ಯಾಹ್ನ ಕೇಳ್ತಿದ್ದೆ ಕಣೋ. ದಿನಕ್ಕೊಂದು ಪಾಠ. ಅರವತ್ತನಾಲ್ಕು ಮುಗಿದ್ರೆ ಮತ್ತೆ ಮೊದಲಿಂದ."

"ಇಸ್ಪೀಟು ಆಡ್ತಿದೀರಿ ಅಂದ್ಕೊಂಡಿದ್ದೆ."

"ನನಗೆ ಇಸ್ಪೀಟು ಬರಲ್ಲ."

"ನನಗೆ ಹೇಳಬಹುದಿತ್ತಲ್ಲ ಅತ್ತೆ."

"ಆ ಕೋಣೆ ಮುಂದೆ ಹಾಯುವಾಗ ನೀನು ಮುಖ ಆ ಕಡೆ ತಿರುಗಿಸ್ಕೊಂಡು ಹೋಗ್ತಿದ್ದೆ. ಯಾವ ಬಾಯಲ್ಲಿ ಹೇಳಲಿ? ನಿನಗೆ ಕಷ್ಟ ಆಗತ್ತೆ ಅಂತ ಹೆಡ್‌ಫೋನ್ ಹಾಕ್ಕೋತಿದ್ದೆ."

ಆಮೇಲೆ ಎದ್ದು ಒಲೆ ಆರಿಸಿ, ಕಪ್ಪಾದ ಎರಡು ಬ್ರೆಡ್ ತಟ್ಟೆಗೆ ಹಾಕಿ ನನ್ನ ಮುಂದೆ ತಳ್ಳಿದರು. "ಇದನ್ನೇ ತಿನ್ನು. ಬೇರೆ ಮಾಡಿಕೊಡಲ್ಲ."

ತಿಂದೆ. ಚೆನ್ನಾಗಿತ್ತು.

ಮಾರ್ಚ್ 23, ಭಾನುವಾರ

ಹತ್ತು ಗಂಟೆಯ ಬಸ್ಸು ಹೋಗಿಯಾಯಿತು. ಅತ್ತೆ ಹೋಗಲಿಲ್ಲ. ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಒಂಬತ್ತೂವರೆಗೆ ನನ್ನವಳ ಮೇಜಿನ ಡ್ರಾಯರ್ ಎಳೆದು ಅದರಲ್ಲಿದ್ದ ಉದ್ದನೆಯ ಫೋನ್ ಪುಸ್ತಕ ತಂದು ನನ್ನ ಮುಂದೆ ಹಾಕಿದರು.

"ಪಾಠ ಮಾಡಿ ಅವಳು ಯಾರಿಗೆ ಕೊಡ್ತಿದ್ಲು?"

"ಮಕ್ಕಳಿಗೆ."

"ಮಕ್ಕಳಿಗಲ್ಲ, ಅವರ ಅಪ್ಪ-ಅಮ್ಮನಿಗೆ. ಫೋನಿಗೆ ಕಳಿಸ್ತಿದ್ಲು, ಪೆನ್‌ಡ್ರೈವಿಗೆ ಹಾಕಿಕೊಡ್ತಿದ್ಲು. ಅವರಲ್ಲಿ ಒಬ್ಬರಾದ್ರೂ ಅಳಿಸದೆ ಇಟ್ಕೊಂಡಿರಲ್ವಾ? ನಮ್ಮ ಮನೇಲಿ ಒಂದೇ ಪ್ರತಿ ಇತ್ತು ಅಂತ ಊರೆಲ್ಲ ಒಂದೇ ಪ್ರತಿ ಇರತ್ತಾ?"

ನನಗೆ ಇದು ಹೊಳೆದೇ ಇರಲಿಲ್ಲ. ಪುಸ್ತಕದಲ್ಲಿ ನೂರಾ ಹನ್ನೆರಡು ನಂಬರುಗಳಿವೆ. ಮಕ್ಕಳ ಹೆಸರಿನ ಮುಂದೆ ಅವರಿಗೆ ಬಾರದ ಅಕ್ಷರ ಬರೆದಿದ್ದಾಳೆ: ರ, ಸ, ಕ, ಳ. ಅತ್ತೆ ಫೋನ್ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡರು. ಹೊರಬಂದ ದನಿ ನಾನು ಇದುವರೆಗೆ ಕೇಳಿದ್ದಲ್ಲ. ಮೂವತ್ತೊಂದು ವರ್ಷದ ದನಿ. "ನಮಸ್ಕಾರ. ದಯವಿಟ್ಟು ಲೈನಿನಲ್ಲೇ ಇರಿ."

ಮಾರ್ಚ್ 25, ಮಂಗಳವಾರ

ಹತ್ತೊಂಬತ್ತು ಕರೆ. ಏಳು ನಂಬರು ಬದಲಾಗಿವೆ. ಐವರು ಅಳಿಸಿದ್ದಾರೆ. ಇಬ್ಬರು ಅತ್ತುಬಿಟ್ಟರಂತೆ, ಟೀಚರ್ ಹೋದದ್ದು ಗೊತ್ತೇ ಇರಲಿಲ್ಲವೆಂದು. ನಾಲ್ವರು ಪೂರ್ತಿ ಕೇಳದೆ ಫೋನ್ ಇಟ್ಟರು. ಅವರಲ್ಲಿ ಒಬ್ಬಾಕೆ, "ಗೊತ್ತಿಲ್ಲದೋರು ಫೈಲ್ ಕೇಳಿದ್ರೆ ಕೊಡಬಾರದು, ಕಳಿಸಿದ್ರೆ ತೆಗೀಬಾರದು, ನನಗೆ ಗೊತ್ತು ನಿಮ್ಮಂಥವರ ಆಟ" ಎಂದು ಬೈದೇ ಇಟ್ಟಳಂತೆ.

"ಬೇಜಾರಾಯ್ತಾ?" ಎಂದೆ.

"ಬೇಜಾರೇಕೆ? ಹುಷಾರಾದ ಹೆಂಗಸು" ಎಂದು ಅತ್ತೆ ಖುಷಿಯಿಂದ ಆಕೆಯ ಹೆಸರಿನ ಮುಂದೆ ಸರಿ ಗುರುತು ಹಾಕಿದರು. "ನಿನಗಿಂತ ಜಾಣೆ."

ಒಬ್ಬರು ಮಾತ್ರ ಒಂದು ಪಾಠ ಕಳಿಸಿದ್ದಾರೆ. ತೆರೆದಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡದೆ ಯಾವುದನ್ನೂ ತೆರೆಯಕೂಡದು ಎಂದು ಅತ್ತೆಯ ಆಜ್ಞೆ. ಡಾಕ್ಟರಮ್ಮ ಎಂದರೆ ರಿಪೇರಿಯಾಕೆ.

ಮಾರ್ಚ್ 26, ಬುಧವಾರ

ಅತ್ತೆಯನ್ನು ಮೆಟ್ಟಿಲ ಕೆಳಗಿನ ಅಂಗಡಿಗೆ ಕರೆದುಕೊಂಡು ಹೋದೆ. ಕಾಗದ, ಪೆನ್ನು ಹಿಡಿದೇ ಬಂದಿದ್ದರು. ಒಂದು ತಾಸು ಇಬ್ಬರು ಹೆಂಗಸರೂ ನನ್ನನ್ನು ಮರೆತರು.

"ಎಲ್ಲಕ್ಕೂ ವೈರಸ್ ಅಂತಾನೇ ಹೇಳೋದಾ?" ಅತ್ತೆ ಕೇಳಿದರು.

"ಜನ ಹಾಗಂತಾರೆ. ವೈರಸ್ ಅದರಲ್ಲಿ ಒಂದು ಜಾತಿ ಅಷ್ಟೆ. ಅದಕ್ಕೆ ಸ್ವಂತ ಕಾಲಿಲ್ಲ. ಒಂದು ಫೈಲಿಗೆ ಅಂಟಿಕೊಳತ್ತೆ. ನೀವು ಆ ಫೈಲ್ ತೆರೆದ್ರೆ ಎದ್ದು ಇನ್ನೊಂದಕ್ಕೆ ಅಂಟತ್ತೆ. ವರ್ಮ್ ಅಂತ ಇದೆ, ಅದಕ್ಕೆ ಯಾರೂ ಏನೂ ತೆರೆಯೋದೇ ಬೇಡ. ವೈರು ಇದ್ದಲ್ಲೆಲ್ಲ ತಾನೇ ತೆವಳಿಕೊಂಡು ಹೋಗತ್ತೆ."

"ಗೊತ್ತಾಯ್ತು. ನಮ್ಮ ಎಕ್ಸ್‌ಚೇಂಜಲ್ಲಿ ಒಬ್ಬರಿಗೆ ನೆಗಡಿ ಬಂದ್ರೆ ಒಂದೇ ಮೌತ್‌ಪೀಸಿಂದ ಹನ್ನೆರಡು ಜನಕ್ಕೂ ಬರ್ತಿತ್ತು. ಅದು ನಿಮ್ಮ ವೈರಸ್ಸು. ಇನ್ನು ಬರೀ ಕದ್ದು ಕೇಳೋದು ಯಾವುದಾದ್ರೂ ಇದೆಯಾ?"

"ಇದೆ. ಸ್ಪೈವೇರ್. ಏನೂ ಕೆಡಿಸಲ್ಲ. ನೀವೇನು ಟೈಪ್ ಮಾಡ್ತೀರಿ, ಪಾಸ್‌ವರ್ಡ್ ಏನು, ಕೂತು ಬರ್ಕೊಳತ್ತೆ."

"ನಮ್ಮಲ್ಲೂ ಒಬ್ಬಳಿದ್ಲು" ಎಂದರು ಅತ್ತೆ. "ಊರಿನ ಮದುವೆ ಮಾತುಕತೆ ಎಲ್ಲ ಅವಳ ಕಿವೀಲೇ ನಡೀತಿತ್ತು. ಮುರಿದಿದ್ದೂ ಅವಳಿಗೇ ಮೊದಲು ಗೊತ್ತಾಗ್ತಿತ್ತು."

ಡಾಕ್ಟರಮ್ಮ ಬಿದ್ದುಬಿದ್ದು ನಕ್ಕಳು. ಆಮೇಲೆ ಹೇಳಿದಳು, "ಅಮ್ಮ, ನಾನು ದಿನಾ ಇದನ್ನ ಜನರಿಗೆ ಹೇಳಿ ಹೇಳಿ ಸೋತೆ. ಯಾರ ತಲೆಗೂ ಹೋಗಲ್ಲ. ನೀವು ಬಂದು ಇಲ್ಲಿ ಕೂತ್ಕೊಳ್ಳಿ." ಬಂದಿದ್ದ ಫೈಲನ್ನು ಬೇರೆ ಯಂತ್ರದಲ್ಲಿ ಪರೀಕ್ಷಿಸಿ, ಶುದ್ಧವಾಗಿದೆ ಎಂದಳು. ಪ್ರತಿಯೊಂದು ಪಾಠಕ್ಕೂ ಮೂರು ಪ್ರತಿ ಇಡಬೇಕಂತೆ. ಒಂದು ಕಂಪ್ಯೂಟರಿನಲ್ಲಿ. ಒಂದು ಬೇರೆ ಡಿಸ್ಕಿನಲ್ಲಿ, ಆ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತಿಡಬೇಕು, ಇಲ್ಲದಿದ್ದರೆ ಬೀಗ ಹಾಕುವವನು ಅದಕ್ಕೂ ಹಾಕುತ್ತಾನೆ. ಮೂರನೆಯದು ಮನೆಯಿಂದಾಚೆ ಎಲ್ಲಾದರೂ.

ಮೂರನೆಯದನ್ನು ಅತ್ತೆಯ ತಂಗಿಯ ಮನೆಯಲ್ಲಿ ಇಡುವುದೆಂದು ತೀರ್ಮಾನವಾಯಿತು. "ನಾನಂತೂ ಹೋಗಲಿಲ್ಲ, ಅದಾದ್ರೂ ಹೋಗಲಿ" ಎಂದರು.

ಹೊರಡುವ ಮೊದಲು ಡಾಕ್ಟರಮ್ಮನ ಕನ್ನಡಕ ಇಸಿದುಕೊಂಡು ಪವರ್ ನೋಡಿದೆ. ಕಣ್ಣು ಪರೀಕ್ಷೆಗೆ ನಾಳೆ ಅಂಗಡಿಗೆ ಬರಬೇಕೆಂದು ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಗದರಿದೆ. ಯಾರ ದನಿ ಬಂತೋ ನನಗೆ.

ಮಾರ್ಚ್ 29, ಶನಿವಾರ

ಹದಿನೇಳು ಪಾಠ ಸಿಕ್ಕಿವೆ.

ಇಂದು ಆ ಹುಷಾರಾದ ಹೆಂಗಸು ತಾನೇ ಫೋನ್ ಮಾಡಿದಳು. ನಾನು ಮನೆಯಲ್ಲೇ ಇದ್ದೆ. ಅತ್ತೆ ಸ್ಪೀಕರ್ ಹಾಕಿದರು.

"ನೀವು ನಿಜವಾಗಿ ಟೀಚರ ಅಮ್ಮ ಆಗಿದ್ರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ನನ್ನ ಮಗಳನ್ನ ಟೀಚರ್ ಏನಂತ ಕರೀತಿದ್ರು?"

ಅತ್ತೆಯ ಮುಖ ಬಾಡಿತು. ಅವರಿಗೆ ಗೊತ್ತಿಲ್ಲ. ಆಗ ಅವರು ಬೇರೆ ಊರಲ್ಲಿದ್ದರಲ್ಲ. ಪುಸ್ತಕದಲ್ಲಿ ಆ ಹೆಸರಿನ ಮುಂದೆ ರ ಎಂದಿತ್ತು. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಆಗದು. ಗಿರಾಕಿಗಳ ಫೋನನ್ನೂ ಮಾಲೀಕರಿಗೇ ದಾಟಿಸುವವನು ನಾನು. ಆದರೆ ಊಟಕ್ಕೆ ಕೂತಾಗ ನನ್ನವಳು ಆ ಹುಡುಗಿಯ ಸುದ್ದಿ ಎಷ್ಟು ಸಲ ಹೇಳಿ ನಕ್ಕಿರಲಿಲ್ಲ!

"ಇಂಜಿನ್ ಡ್ರೈವರ್" ಎಂದೆ. "ರ ಹೇಳು ಅಂದ್ರೆ ಡುರ್ರ್ ಅಂತ ಗಾಡಿ ಬಿಡ್ತಿದ್ಲು. ಕುರ್ಚಿ ಸಮೇತ ಕೋಣೆ ಎಲ್ಲ ಸುತ್ತುತಿದ್ಲು. ಒಂದು ದಿನ ಗಾಡಿ ನಿಂತ ಕೂಡಲೇ 'ಮರ' ಅಂದುಬಿಟ್ಲು. ಅವತ್ತು ನನ್ನ ಹೆಂಡತಿ ಊಟ ಮಾಡದೆ ಅದನ್ನೇ ಹೇಳ್ತಾ ಕೂತಿದ್ದಳು."

ಅತ್ತೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಲೈನಿನಲ್ಲಿದೀರಾ?" ಎಂದರು, ಎಕ್ಸ್‌ಚೇಂಜಿನ ದನಿಯಲ್ಲಲ್ಲ.

"ಇದೀನಿ" ಎಂದಳು ಆಕೆ. "ಒಂಬತ್ತು ಪಾಠ ಇಟ್ಟಿದೀನಿ. ಈಗಲೇ ಕಳಿಸ್ತೀನಿ."

ಫೋನ್ ಇಟ್ಟ ಮೇಲೆ ಅತ್ತೆ ನನ್ನನ್ನು ಬಿಡಲಿಲ್ಲ. ಮಗಳು ಇನ್ನೂ ಏನೇನು ಹೇಳುತ್ತಿದ್ದಳು, ಯಾವ ಮಗು ಏನು ಮಾಡಿತು, ಎಲ್ಲ ಬೇಕು. ನನಗೆ ಇಷ್ಟೆಲ್ಲ ನೆನಪಿದೆಯೆಂದು ನನಗೇ ಗೊತ್ತಿರಲಿಲ್ಲ. ಚಹಾ ಎರಡು ಸಲ ಆರಿತು. ಅಂಗಡಿಗೆ ತಡವಾಗಿ ಹೋದೆ.

ಏಪ್ರಿಲ್ 3, ಗುರುವಾರ

ನಲವತ್ತೊಂದು. ಡಾಕ್ಟರಮ್ಮನಿಗೆ ಹೊಸ ಕನ್ನಡಕ ಕೊಟ್ಟೆ. ಹಾಕಿಕೊಂಡು ತನ್ನ ಅಂಗಡಿಯನ್ನೇ ನೋಡಿ, "ಅಯ್ಯೋ, ಎಷ್ಟು ಧೂಳು!" ಎಂದಳು.

ಅತ್ತೆಗೆ, ಅಲ್ಲ, ಅಮ್ಮನಿಗೆ ಗಂಟಲು ಕಟ್ಟಿದೆ. ದಿನಕ್ಕೆ ಹತ್ತು ಕರೆ ಮಾಡಿದರೆ ಇನ್ನೇನಾಗುತ್ತದೆ? ಬಿಸಿನೀರು ಕುಡಿ ಎಂದರೆ ಕೇ‍ಳುವುದಿಲ್ಲ. ಇಂದಿನ ಆರು ಕರೆಗಳನ್ನು ನಾನು ಮಾಡಿದೆ. ಪಕ್ಕದಲ್ಲಿ ಕೂತು ಕೈಸನ್ನೆಯಲ್ಲಿ ತಿದ್ದುತ್ತಿದ್ದಳು: ನಿಧಾನ, ಇನ್ನೂ ನಿಧಾನ, ಹೆಸರು ಮೊದಲು ಹೇಳು.

ಏಪ್ರಿಲ್ 5, ಶನಿವಾರ

ಪುಸ್ತಕ ಮುಗಿಯಿತು. ನಲವತ್ತಾರು ಪಾಠ ಸಿಕ್ಕಿವೆ, ಹದಿನೆಂಟು ಸಿಗಲಿಲ್ಲ. ಸಿಗುವುದಿಲ್ಲ.

ಕೊನೆಯ ನಂಬರು ಒಬ್ಬ ಹುಡುಗಿಯದು. ಈಗ ಇಪ್ಪತ್ತೊಂದು ವರ್ಷ. ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಾಳೆ. "ಏಳು ಗಂಟೆ ಏಳು ನಿಮಿಷದ ಗಾಡಿ ಏಳನೇ ಪ್ಲಾಟ್‌ಫಾರ್ಮಿಗೆ ಬರಲಿದೆ" ಎಂದು ಫೋನಿನಲ್ಲೇ ಹೇಳಿ ತೋರಿಸಿದಳು. ಒಂದು ಳ ಕೂಡ ಜಾರಲಿಲ್ಲ. ಅವಳ ಹತ್ತಿರ ಒಂದೇ ಪಾಠ ಇತ್ತು. ಫೋನ್ ಬದಲಿಸಿದಾಗಲೆಲ್ಲ ಮೊದಲು ಅದನ್ನೇ ದಾಟಿಸಿಕೊಳ್ಳುತ್ತಿದ್ದಳಂತೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಕಂಪ್ಯೂಟರ್ ಮನೆಗೆ ಬಂತು. ಹೊಸ ಡಿಸ್ಕ್, ಆಂಟಿವೈರಸ್ ಆನ್. ಅಮ್ಮ ಮುಂದಿನ ಕೋಣೆಯನ್ನು ಮೂಲೆಮೂಲೆ ಗುಡಿಸಿ ಎರಡು ಕುರ್ಚಿ ಹಾಕಿದಳು. ಹೆಡ್‌ಫೋನ್ ತೆಗೆದುಕೊಂಡವಳು ನನ್ನ ಮುಖ ನೋಡಿದಳು.

"ಬೇಡ. ಜೋರಾಗೇ ಹಾಕು" ಎಂದೆ.

ರೈಲು ನಿಲ್ದಾಣದ ಹುಡುಗಿಯ ಪಾಠವನ್ನೇ ಹಾಕಿದಳು. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ನನ್ನವಳ ದನಿ.

"ಬಂದ್ಯಾ? ಕೂತ್ಕೋ. ಇವತ್ತು ಳ. ನಾಲಿಗೆ ತುದೀನ ಮೇಲಕ್ಕೆ ಮಡಚಬೇಕು, ಮಡಚಿ ಬಿಡಬೇಕು. ನಾನು ಹೇಳ್ತೀನಿ, ಆಮೇಲೆ ನೀನು. ಮಳೆ."

ಅಲ್ಲಿಗೆ ನಿಂತಿತು. ಕೆಟ್ಟಿದೆಯೇನೋ ಎಂದು ಗಾಬರಿಯಾಗಿ ನಾನು ಮುಂದಕ್ಕೆ ಬಾಗಿದೆ. ಅಮ್ಮ ನನ್ನ ಕೈ ತಡೆದಳು. "ಕೆಟ್ಟಿಲ್ಲ. ಮಗು ಹೇಳಲಿ ಅಂತ ಜಾಗ ಬಿಟ್ಟಿದಾಳೆ."

"ಶಾಬಾಷ್" ಎಂದಳು ಅವಳು ಒಳಗಿನಿಂದ. "ಹೊಳೆ."

ಆ ಜಾಗದಲ್ಲಿ ಅಮ್ಮ "ಹೊಳೆ" ಎಂದಳು. ಕಣ್ಣು ಪರದೆಯ ಮೇಲೆಯೇ ಇತ್ತು. ಎಷ್ಟು ತಿಂಗಳಿಂದ ಮಧ್ಯಾಹ್ನದ ಹೊತ್ತು ಒಬ್ಬಳೇ ಕೂತು ಉತ್ತರ ಹೇಳುತ್ತಿದ್ದಳೋ.

"ಶಾಬಾಷ್. ನಾಳೆ."

ನಾನು ಹೇಳಿದೆ. ನನಗೆ ಮೊದಲಿಂದಲೂ ಳ ಅಷ್ಟಾಗಿ ಹೊರಳುವುದಿಲ್ಲ.

"ನಾಲೆ ಅಲ್ಲವೋ, ನಾಳೆ" ಎಂದಳು ಅಮ್ಮ. "ನಾಲಿಗೆ ಮಡಚು."

"ಶಾಬಾಷ್" ಎಂದಳು ಅವಳು.

ಅಮ್ಮ ಕಂಪ್ಯೂಟರಿನ ಮೇಲೆ ರೇಗಿದಳು. "ಏನೇ ಶಾಬಾಷು? ಅವನಿನ್ನೂ ನಾಲೆ ಅಂತಿದಾನೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳು ಮೂರು ಪದ ಮುಂದೆ ಹೋಗಿಬಿಟ್ಟಿದ್ದಳು. ಪಾಠವನ್ನು ಮತ್ತೆ ಮೊದಲಿನಿಂದ ಹಾಕಿದೆವು.